ಆಟಕ್ಕಾಗಿ ಹುಟ್ಟಿದ ಒಬ್ಬ ಯುದ್ಧದೇವತೆ

ದೇವರು ಮನುಷ್ಯನ ಕಲ್ಪನೆಯೆಂಬ ವಾದವು ಆಸ್ತಿಕರಿಗೆ ಸಮ್ಮತವಾಗತಕ್ಕದ್ದಲ್ಲ. ಅದನ್ನು ಇಲ್ಲಿ ಎತ್ತುವ ಉದ್ದೇಶವೂ ನನಗಿಲ್ಲ. ಆದರೆ ಕಲ್ಪಿಸಿದವನೇ ಇದು ಕಲ್ಪನೆಯೆಂದು ಒಪ್ಪಿಕೊಂಡು, ಪೂಜೆಗಲ್ಲದೆ ಬರಿಯ ಆಟಕ್ಕೆಂದು ರಚಿಸಿದ ದೇವತೆಗಳು ಈ ಕಾಲದಲ್ಲಿ ನೂರಾರು ಇರುವರೆಂಬ ಸಂಗತಿಯು ನಮ್ಮ ಗೃಹಸ್ಥರಲ್ಲಿ ಹಲವರಿಗೆ ತಿಳಿದಿರಲಾರದು. ಆ ಆಟವು ಅವರ ಮನೆಯ ಮಹಡಿಯ ಮೇಲೆಯೇ, ಅವರ ಮಕ್ಕಳು ಮೊಮ್ಮಕ್ಕಳ ನಡುವೆ, ನಡೆಯುತ್ತಿದ್ದರೂ ಇರಬಹುದು. ಆದಕಾರಣ ಅಂತಹ ದೇವತೆಗಳಲ್ಲಿ ಒಬ್ಬನ ವಿಚಾರವನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಆಟವೇನೆಂಬುದನ್ನು ಹೇಳಬೇಕು. 1974ರಲ್ಲಿ ಅಮೆರಿಕ ದೇಶದ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಹೆಸರಿನಿಂದ ಇದನ್ನು ಪ್ರಕಟಿಸಿದರು. ನಾಲ್ಕಾರು ಮಂದಿ ಸುತ್ತಲೂ ಕುಳಿತುಕೊಳ್ಳುತ್ತಾರೆ. ಒಬ್ಬನು ಯಜಮಾನನಾಗಿ ಕಥೆಯ ಸಂದರ್ಭವನ್ನು ವರ್ಣಿಸುತ್ತಾನೆ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ವಹಿಸಿ, ಆ ಸಂದರ್ಭದಲ್ಲಿ ತಾವು ಏನು ಮಾಡುವೆವು, ಏನು ನುಡಿಯುವೆವು ಎಂಬುದನ್ನು ಆಶುವಾಗಿ ಹೇಳುತ್ತಾರೆ. ಕಾರ್ಯವು ಫಲಿಸಿತೇ ಇಲ್ಲವೇ ಎಂಬುದನ್ನು ದಾಳಗಳು ನಿರ್ಣಯಿಸುತ್ತವೆ. ಇಪ್ಪತ್ತು ಮುಖಗಳ ದಾಳವೂ ಅದರಲ್ಲಿ ಉಂಟು. ದಾಳವೊಂದನ್ನು ಬಿಟ್ಟರೆ ಇದು ನಮ್ಮ ತಾಳಮದ್ದಳೆಗೆ ದೂರದ ನೆಂಟನೆಂದೇ ನನ್ನ ಭಾವನೆ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲಿಯೇ ಕರ್ಣನೂ ಕೃಷ್ಣನೂ ಆಗುತ್ತಾರೆ.

ಕಲ್ಪಿತವಾದ ಲೋಕಕ್ಕೆ ರಾಜ್ಯಗಳು ಬೇಕು, ನದಿಪರ್ವತಗಳು ಬೇಕು. ಪುರೋಹಿತನ ಪಾತ್ರವಿದ್ದರೆ ಅವನಿಗೊಬ್ಬ ದೇವರೂ ಬೇಕು. ಆರಂಭದಲ್ಲಿ ಆಟದವರು ಲೋಕದಲ್ಲಿದ್ದ ದೇವತೆಗಳನ್ನೇ ಎರವಲು ತಂದರು. 1980ರಲ್ಲಿ ಹೊರಟ ಅವರ ದೇವತಾಗ್ರಂಥದಲ್ಲಿ ಗ್ರೀಕರ, ಐಗುಪ್ತರ ದೇವತೆಗಳೊಡನೆ ನಮ್ಮ ಇಂದ್ರಾಗ್ನಿವರುಣರೂ, ಕಾರ್ತಿಕೇಯನೂ ಸೇರಿದ್ದಾರೆ. ಒಬ್ಬೊಬ್ಬರ ಬಲವೂ ಇಷ್ಟೆಂದು ಅಂಕೆಗಳಲ್ಲಿ ಬರೆದಿದೆ; ಎಷ್ಟು ಪೆಟ್ಟಿಗೆ ದೇವರು ಬೀಳುವನೆಂಬ ಲೆಕ್ಕವೂ ಇದೆ! ತಾರಕಾಸುರನಿಗೆ ಈ ಪುಸ್ತಕ ಸಿಕ್ಕಿದ್ದರೆ ಎಷ್ಟೋ ಅನುಕೂಲವಾಗುತ್ತಿತ್ತು. ಇದರಿಂದ ಒಂದು ಮಾತು ನನಗೆ ಸ್ಪಷ್ಟವಾಯಿತು. ಜನರು ಕೈಮುಗಿಯುವ ದೇವರನ್ನು ಆಟಕ್ಕೆ ಎಳೆಯುವುದಕ್ಕಿಂತ ಆಟಕ್ಕೆ ಬೇರೆ ದೇವರನ್ನೇ ಸೃಷ್ಟಿಸಿಕೊಳ್ಳುವುದು ಹೆಚ್ಚು ಮರ್ಯಾದೆಯ ದಾರಿ. ಇದು ಅಪಚಾರವೆಂದು ಹೆದರುವ ಹಿರಿಯರು ಈ ಭೇದವನ್ನು ಗಮನಿಸಬೇಕು. 1980ರ ದಶಕದಲ್ಲಿ ಅಮೆರಿಕದ ಕೆಲವು ತಾಯಿತಂದೆಗಳು ಈ ಆಟವೇ ಪಿಶಾಚೋಪಾಸನೆಯೆಂದು ಬೊಬ್ಬೆಯಿಟ್ಟುದೂ, ಪ್ರಕಾಶಕರು 1989ರ ಆವೃತ್ತಿಯಲ್ಲಿ ಪಿಶಾಚವಾಚಕವಾದ ಪದಗಳನ್ನು ಬಿಟ್ಟುಬಿಟ್ಟುದೂ ಉಂಟು. ಆಟವೇನೂ ನಿಲ್ಲಲಿಲ್ಲ.

ಇನ್ನು ನಮ್ಮ ದೇವತೆಯ ವಿಚಾರ. ಕೆನಡಾ ದೇಶದ ಎಡ್ ಗ್ರೀನ್‌ವುಡ್ ಎಂಬಾತನು ಬಾಲ್ಯದಿಂದಲೇ ಮನಸ್ಸಿನಲ್ಲಿ ಒಂದು ಲೋಕವನ್ನು ಕಟ್ಟುತ್ತ ಬಂದನು. ಮುಂದೆ ಅವನ ವೃತ್ತಿಯು ಗ್ರಂಥಾಲಯದಲ್ಲಿ. ‘ಫರ್ಗಾಟನ್ ರೆಲ್ಮ್ಸ್’, ಅಂದರೆ ಮರೆತುಹೋದ ರಾಜ್ಯಗಳು, ಎಂಬ ಹೆಸರಿನ ಆ ಲೋಕವು 1987ರಲ್ಲಿ ಆಟದ ರೂಪದಲ್ಲಿ ಹೊರಬಂದಿತು. ಅಲ್ಲಿಯ ಯುದ್ಧದೇವತೆಗೆ ಟೆಂಪಸ್ ಎಂದು ಹೆಸರು. ಲ್ಯಾಟಿನ್ ಭಾಷೆಯಲ್ಲಿ ಈ ಶಬ್ದಕ್ಕೆ ಕಾಲವೆಂದು ಅರ್ಥ. ಕರ್ತೃವಿನ ಆಶಯವು ಏನೇ ಇರಲಿ, ಗೀತೆಯ ಹನ್ನೊಂದನೆಯ ಅಧ್ಯಾಯವನ್ನು ಬಲ್ಲವರಿಗೆ ರಣರಂಗದಲ್ಲಿ ಕಾಲನ ಹೆಸರು ಕೇಳಿ ಕಿವಿ ನೆಟ್ಟಗಾಗದಿರದು.

ಟೆಂಪಸನ ಲಾಂಛನವು ರಕ್ತವರ್ಣದ ಗುರಾಣಿಯ ಮೇಲೆ ಉರಿಯುವ ಖಡ್ಗ. ಇದರಲ್ಲಿ ವಿಶೇಷವೇನೂ ಇಲ್ಲ. ವಿಶೇಷವಿರುವುದು ಅವನ ವಾಹನಗಳಲ್ಲಿ. ಅವನಿಗೆ ಎರಡು ಕುದುರೆಗಳು, ಒಂದು ಬಿಳಿಯ ಹೆಣ್ಣುಕುದುರೆ, ಇನ್ನೊಂದು ಕರಿಯ ಗಂಡುಕುದುರೆ. ಯುದ್ಧಕ್ಕೆ ಮೊದಲು ಬಿಳಿಯದರ ಮೇಲೆ ಕಾಣಿಸಿಕೊಂಡರೆ ಆ ಸೇನೆಗೆ ಜಯ. ಕರಿಯದರ ಮೇಲೆ ಬಂದರೆ ಸೋಲು. ಆದರೆ ಬಹುಶಃ ಅವನು ಎರಡು ಕುದುರೆಗಳ ಮೇಲೂ ಒಂದೊಂದು ಕಾಲನ್ನಿಟ್ಟು ಓಡಿಸುತ್ತ ಬರುವನಂತೆ. ಅವನು ಯಾವ ಪಕ್ಷದವನೂ ಅಲ್ಲ. ಯುದ್ಧವು ಎಲ್ಲರನ್ನೂ ಸಮನಾಗಿ ತುಳಿಯುವುದು, ಸಮನಾಗಿ ಎತ್ತುವುದು ಎಂಬುದೇ ಅವನ ಮತದ ಮೂಲತತ್ತ್ವ. ಅಗತ್ಯವಿದ್ದವನು ಶತ್ರುವಾದರೂ ಅವನಿಗೆ ಆಯುಧ ಕೊಡಬೇಕು. ಪರಿಣಾಮವನ್ನು ಎಣಿಸದೆ ಯುದ್ಧಕ್ಕೆ ಇಳಿಯಬಾರದು. ಒಂದು ಜಗಳವು ವಂಶಪಾರಂಪರ್ಯದ ಹಗೆಯಾಗಿ ಬೆಳೆಯದಂತೆ ಪುರೋಹಿತರು ತಡೆಯಬೇಕು.

ಇವೆಲ್ಲಕ್ಕಿಂತಲೂ ನನ್ನ ಮನಸ್ಸನ್ನು ಹಿಡಿದ ಸಂಗತಿ ಬೇರೆ. ಈ ದೇವತೆಯು ಮಾತನಾಡುವುದೇ ಇಲ್ಲ. ಅವನು ಏನನ್ನಾದರೂ ತಿಳಿಸಬೇಕಾದರೆ ಯುದ್ಧದಲ್ಲಿ ಮಡಿದ ಯೋಧರ ಆತ್ಮಗಳು ಬಂದು ತಿಳಿಸುತ್ತವೆ. ಸಾಮಾನ್ಯವಾಗಿ ಯುದ್ಧದ ಕೀರ್ತಿಯನ್ನು ಹಾಡುವವರು ಬದುಕಿ ಉಳಿದವರು, ಅಥವಾ ಯುದ್ಧಕ್ಕೆ ಹೋಗದೆ ಮನೆಯಲ್ಲಿದ್ದವರು. ಇಲ್ಲಿ ದೇವರ ನುಡಿಯನ್ನು ಕೇಳಬೇಕೆಂದರೆ ಸತ್ತವನ ಬಾಯಿಂದಲೇ ಕೇಳಬೇಕು. ಇವನ ಪುರೋಹಿತರು ಮಧ್ಯಾಹ್ನದಲ್ಲಿ ವೀರರ ಔತಣವನ್ನು ನಡೆಸಿ, ಸೂರ್ಯಾಸ್ತದಲ್ಲಿ ಮಡಿದವರಿಗಾಗಿ ಗೀತವನ್ನು ಹಾಡುತ್ತಾರೆ. ವರ್ಷಕ್ಕೊಮ್ಮೆ ಮೃತರ ಸ್ಮರಣೆಯ ಹಬ್ಬವೊಂದು ಬರುತ್ತದೆ. ಅದನ್ನು ಅವರು ಎಲ್ಲಿದ್ದರೂ ಬಿಡುವಂತಿಲ್ಲ.

ಇದೇ ಲೋಕದಲ್ಲಿ ಇನ್ನಿಬ್ಬರು ಯುದ್ಧದೇವತೆಗಳುಂಟು. ಟೆಂಪಸನಿಗೆ ಸೋತ ಗ್ಯಾರಗೋಸನ ಪಾಲಿಗೆ ಉಳಿದದ್ದು ಉನ್ಮಾದ ಮತ್ತು ಸಂಹಾರ ಮಾತ್ರ. ಕೆಂಪು ಅಶ್ವಾರೋಹಿಣಿಯೆಂಬ ದೇವಿಯು ವ್ಯೂಹರಚನೆಗೆ ಅಧಿದೇವತೆ. ಅವಳ ಲಾಂಛನವು ಚದುರಂಗದ ಕುದುರೆ. ಚತುರಂಗವೆಂಬ ನಮ್ಮ ಸೇನಾವಾಚಕ ಶಬ್ದವು ಆಟದ ಹೆಸರಾಗಿ ಲೋಕವನ್ನೆಲ್ಲ ಸುತ್ತಿ, ಕೆನಡಾದವನ ಕಲ್ಪನೆಯಲ್ಲಿ ದೇವಿಯ ಲಾಂಛನವಾಗಿ ಕುಳಿತದ್ದು ವಿನೋದವಲ್ಲವೇ! ಈ ವಿಭಾಗವು ಗ್ರೀಕರಲ್ಲಿ ಹಳೆಯದು. ಅವರ ಆರೀಸನು ರಕ್ತಪಿಪಾಸು, ಅಥೀನೆಯು ಯುದ್ಧವಿವೇಕ. ಇಲಿಯಡ್ ಕಾವ್ಯದಲ್ಲಿ ಡಯೊಮೀಡಿಸನ ಈಟಿಯಿಂದ ಗಾಯಗೊಂಡ ಆರೀಸನು ಹತ್ತು ಸಾವಿರ ಜನರಂತೆ ಕೂಗಿಕೊಂಡು ತಂದೆಯ ಬಳಿಗೆ ಓಡಿದರೆ, ಆ ತಂದೆಯೇ ದೇವತೆಗಳಲ್ಲಿ ತನಗೆ ಅತ್ಯಂತ ಅಪ್ರಿಯನು ಇವನೆಂದು ಗದರುತ್ತಾನೆ.

ಯುದ್ಧದೇವತೆಯನ್ನು ಕಲ್ಪಿಸುವ ತರುಣರು ಮೊದಲು ಆಯುಧಗಳನ್ನು ಎಣಿಸುತ್ತಾರೆ. ಗ್ರೇಹಾಕ್ ಎಂಬ ಇನ್ನೊಂದು ಆಟದ ಲೋಕದ ಹೆಕ್ಸ್ಟರನಿಗೆ ಆರು ತೋಳುಗಳು. ಹನ್ನೆರಡು ತೋಳಿನ ಷಣ್ಮುಖನನ್ನು ಕಂಡ ನಮಗೆ ಇದರಿಂದ ಬೆರಗಾಗುವುದಿಲ್ಲ. ನನ್ನ ಪರೀಕ್ಷೆಯು ಬೇರೆ: ಯುದ್ಧವು ಮುಗಿದ ಮಾರನೆಯ ದಿನ ಈ ದೇವರಿಗೆ ಏನು ಕೆಲಸ? ರೋಮನರ ಮಾರ್ಸನು ಈ ಪರೀಕ್ಷೆಯಲ್ಲಿ ನಿಲ್ಲುತ್ತಾನೆ. ಅವನ ಪ್ರಾಚೀನ ವೇದಿಕೆಯು ನಗರದ ಪವಿತ್ರ ಎಲ್ಲೆಯಿಂದ ಹೊರಗಿತ್ತು. ಅಕ್ಟೋಬರ್ 19ರಂದು ಆಯುಧಗಳನ್ನು ಶುದ್ಧಿಮಾಡುವ ವಿಧಿಯಿತ್ತು. ಬೆಳೆ, ದನಕರು, ಮನೆಮಂದಿಯನ್ನು ಕಾಪಾಡೆಂದು ರೈತನು ಪ್ರಾರ್ಥಿಸುತ್ತಿದ್ದುದೂ ಅವನನ್ನೇ.

ನಮ್ಮ ಸ್ಕಂದನಾದರೋ ಇನ್ನೂ ಹತ್ತಿರದವನು. ವನಪರ್ವದ ಸ್ಕಂದೋಪಾಖ್ಯಾನವನ್ನು ಓದಿದರೆ ಅಲ್ಲಿ ಕಾಳಗಕ್ಕಿಂತ ತಾಯಂದಿರ ಮಾತೇ ಹೆಚ್ಚು. ಕೃತ್ತಿಕೆಯರೂ ಮಾತೃಗಣವೂ ಅವನನ್ನು ಸುತ್ತುವರಿದಿದ್ದಾರೆ. ಹದಿನಾರು ವರ್ಷದವರೆಗೆ ಮಕ್ಕಳನ್ನು ಪೀಡಿಸುವ ಗ್ರಹಗಳು ಅವನಿಂದಲೇ ಹೊರಟವು. ಅವುಗಳ ಶಾಂತಿಯೂ ಅವನ ಪೂಜೆಯಿಂದಲೇ. ಅವನ ಪತ್ನಿ ದೇವಸೇನೆ. ದೇವಸೇನಾಪತಿಯೆಂದರೆ ದೇವತೆಗಳ ಸೇನೆಗೆ ಒಡೆಯನೆಂದೂ ಆಯಿತು, ದೇವಸೇನೆಯ ಗಂಡನೆಂದೂ ಆಯಿತು. ಆ ದೇವಸೇನೆಗೇ ಷಷ್ಠಿಯೆಂಬ ಹೆಸರಿರುವುದನ್ನು ಅದೇ ಪರ್ವವು ಹೇಳುತ್ತದೆ. ಮಗು ಹುಟ್ಟಿದ ಆರನೆಯ ರಾತ್ರಿ ಅದನ್ನು ಕಾಯುವವಳು ಈ ಷಷ್ಠೀದೇವಿ. ಸೇನಾನಿಯ ಮಡದಿಗೆ ಬಾಣಂತಿಕೋಣೆಯ ಕಾವಲು!

ಈ ದೃಷ್ಟಿಯಿಂದ ಟೆಂಪಸನಲ್ಲಿ ಕೊರತೆಗಳು ಕಾಣುತ್ತವೆ. ಅವನ ಮತವನ್ನು ಯೋಧನ ಕಣ್ಣಿನಿಂದಲೇ ನೋಡಿ ಬರೆದಂತಿದೆ. ಮನೆಯ ಬಾಗಿಲಲ್ಲಿ ದಾರಿ ನೋಡುವವಳ ಕಣ್ಣು ಅಲ್ಲಿ ಇಲ್ಲ. ಅಲ್ಲದೆ, ಎಲ್ಲ ಕಲಹವನ್ನೂ ಸಿಹಿಮಾತಿನಿಂದ ತಪ್ಪಿಸುವವನು ಕ್ರೂರನಾದ ಅರಸನಿಗಿಂತ ಹೆಚ್ಚು ಕೇಡುಮಾಡುವನೆಂದು ಆ ಮತವು ಬೋಧಿಸುತ್ತದೆ. ಇದು ನನಗೆ ಒಪ್ಪದು. ಐದು ಊರುಗಳನ್ನಾದರೂ ಕೊಡಿರೆಂಬ ಸಂಧಿಯ ಮಾತು ಉದ್ಯೋಗಪರ್ವದಲ್ಲಿ ಇಲ್ಲದಿದ್ದರೆ ಮುಂದಿನ ಯುದ್ಧಕ್ಕೆ ಧರ್ಮಯುದ್ಧವೆಂಬ ಹೆಸರು ಹೇಗೆ ಸಲ್ಲುತ್ತಿತ್ತು?

ನನ್ನ ಅಣ್ಣನ ಮೊಮ್ಮಗನು ಹದಿನೈದು ವರ್ಷದವನು. ಬೇಸಿಗೆಯ ರಜೆಯಲ್ಲಿ ಗೆಳೆಯರೊಡನೆ ಈ ಆಟವನ್ನು ಆಡುತ್ತ, ತಾನೂ ಒಬ್ಬ ಯುದ್ಧದೇವತೆಯನ್ನು ರಚಿಸಿ, ಶಬ್ದಗಳ ಸಹಾಯಕ್ಕಾಗಿ ನನ್ನ ಬಳಿಗೆ ಬಂದನು. ಎಂಟು ಆಯುಧಗಳು, ಮೂರು ದೇವಾಲಯಗಳು, ಜಯಘೋಷ ಎಲ್ಲವೂ ಸಿದ್ಧವಾಗಿದ್ದವು. “ಹಬ್ಬ ಯಾವಾಗಪ್ಪ?” ಎಂದೆ. “ಗೆದ್ದ ದಿನ, ಚಿಕ್ಕತಾತ” ಎಂದನು. “ಸೋತ ಊರಿನವರಿಗೆ?” ಎಂದರೆ ಸುಮ್ಮನಾದನು. ಆಗ ಪಂಚಾಂಗವನ್ನು ತೆಗೆದು ತೋರಿಸಿದೆ. ಪಿತೃಪಕ್ಷದ ಚತುರ್ದಶಿಯು ಶಸ್ತ್ರದಿಂದ ಹತರಾದವರ ಶ್ರಾದ್ಧದ ದಿನ. ಮರುದಿನ ಮಹಾಲಯ ಅಮಾವಾಸ್ಯೆ. ಅದರ ಮರುದಿನ ನವರಾತ್ರಿಯ ಆರಂಭ. ಒಂಬತ್ತನೆಯ ದಿನ ಆಯುಧಪೂಜೆ. ಆಯುಧಕ್ಕೆ ಕುಂಕುಮವಿಡುವ ಮೊದಲು ಆಯುಧದಿಂದ ಸತ್ತವನಿಗೆ ಎಳ್ಳುನೀರು ಬಿಟ್ಟಾಗಿರುತ್ತದೆ.

ಹುಡುಗನು ಬಹಳ ಹೊತ್ತು ಪಂಚಾಂಗವನ್ನೇ ನೋಡುತ್ತ ಕುಳಿತಿದ್ದನು. ಸಾಯಂಕಾಲ ಬಂದು, ತನ್ನ ದೇವರ ಪುರೋಹಿತರು ಯುದ್ಧದ ಮಾರನೆಯ ದಿನ ಎರಡು ಪಕ್ಷದ ಹೆಣಗಳನ್ನೂ ಎಣಿಸಿ, ಹೆಸರು ವಿಚಾರಿಸಿ, ಊರೂರಿಗೆ ಹೋಗಿ ಮನೆಯವರಿಗೆ ತಿಳಿಸಬೇಕೆಂಬ ನಿಯಮವನ್ನು ಬರೆದಿರುವುದಾಗಿ ಹೇಳಿದನು. ಆ ಪುರೋಹಿತರಿಗೆ ಸಂಸ್ಕೃತದಲ್ಲಿ ಒಂದು ಹೆಸರು ಬೇಕಂತೆ. ‘ವಾರ್ತಾಹರ’ ಎಂದು ಹೇಳಿಕೊಟ್ಟೆ.