ಭರಣಿಯ ವೈನಿಗೆ ಕಾಯ್ದೆಯಲ್ಲೊಂದು ಸಾಲು

ಆಲ್ದೂರಿನಿಂದ ಬಾಳೆಹೊನ್ನೂರಿನ ಕಡೆಗೆ, ಇತ್ತ ಮೂಡಿಗೆರೆ, ಕಳಸದವರೆಗೆ ಹಬ್ಬಿರುವ ತೋಟಗಳಲ್ಲಿ ಕಾಫಿಯೊಂದೇ ಇರುವುದಿಲ್ಲ. ಗಿಡಗಳ ನಡುವೆ ಕಿತ್ತಳೆ, ಅಂಚಿನಲ್ಲಿ ನೇರಳೆ, ನೆಲ್ಲಿ, ಪೇರಲೆ, ಬೇಲಿಯ ಮೇಲೆ ಪ್ಯಾಶನ್ ಹಣ್ಣಿನ ಬಳ್ಳಿ. ಆಯಾ ಹಣ್ಣು ತನ್ನ ಕಾಲಕ್ಕೆ ಮಾಗಿದರೆ ಒಟ್ಟಿಗೇ ಮಾಗುತ್ತದೆ, ಉದುರಿದರೆ ಒಟ್ಟಿಗೇ ಉದುರುತ್ತದೆ. ಆಳುಗಳೆಲ್ಲ ಕಾಫಿ ಕೊಯ್ಲಿನಲ್ಲಿರುವ ದಿನಗಳಲ್ಲಿ ನಾಲ್ಕು ಬುಟ್ಟಿ ಹಣ್ಣನ್ನು ಪೇಟೆಗೆ ಸಾಗಿಸಿದರೆ ಕೂಲಿಯೂ ಗಿಟ್ಟುವುದಿಲ್ಲ. ಹಾಗಾಗಿ ಹಣ್ಣು ಭರಣಿ ಸೇರುತ್ತದೆ. ಹಣ್ಣು, ಸಕ್ಕರೆ, ಕುದಿಸಿ ಆರಿಸಿದ ನೀರು, ಚೂರು ಈಸ್ಟ್, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ. ಭರಣಿಯ ಬಾಯಿಗೆ ಬಟ್ಟೆ ಕಟ್ಟಿ, ದಿನಕ್ಕೊಮ್ಮೆ ಮರದ ಸೌಟಿನಲ್ಲಿ ತಿರುವುತ್ತ ಮೂರು ವಾರ ಕಾದು ಸೋಸಿದರೆ ಮನೆ ವೈನ್ ಸಿದ್ಧ. ಆದರೆ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಕಾನೂನಿನ ಕಣ್ಣಿಗೆ ಈ ಭರಣಿಯೂ ಕಾಡಿನೊಳಗಿನ ಕಳ್ಳಭಟ್ಟಿಯೂ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಇವೆರಡರ ನಡುವೆ ಗೆರೆ ಎಳೆಯಲೇಬೇಕು ಎಂದು ನಾನು ನಂಬಿದ್ದೇನೆ.

ಗೆರೆ ಎಳೆಯುವ ಜಾಗವನ್ನು ಪ್ರಕೃತಿಯೇ ತೋರಿಸಿಕೊಟ್ಟಿದೆ. ಹುದುಗಿಸುವುದು ಬೇರೆ, ಭಟ್ಟಿ ಇಳಿಸುವುದು ಬೇರೆ. ಲೀಟರ್ ರಸದಲ್ಲಿರುವ ಸುಮಾರು 17 ಗ್ರಾಂ ಸಕ್ಕರೆಯನ್ನು ಈಸ್ಟ್ ತಿಂದರೆ ಶೇ 1ರಷ್ಟು ಮದ್ಯಸಾರವಾಗುತ್ತದೆ. ಸಕ್ಕರೆ ಎಷ್ಟೇ ಸುರಿದರೂ, ಮದ್ಯಸಾರ ಶೇ 12–15ರ ಆಸುಪಾಸಿಗೆ ಬರುವ ಹೊತ್ತಿಗೆ ಈಸ್ಟ್ ತಾನು ಮಾಡಿದ್ದರಲ್ಲೇ ತಾನು ಸಾಯತೊಡಗುತ್ತದೆ. ಅಲ್ಲಿಂದ ಮೇಲೇರಬೇಕಾದರೆ ಒಲೆ, ಹಂಡೆ, ಆವಿ ತಣಿಸುವ ಕೊಳವೆ ಬೇಕು. ಹುದುಗಿನ ಕೆಲಸ ಕಾಫಿ ಬೆಳೆಗಾರರಿಗೆ ಹೊಸದೂ ಅಲ್ಲ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರಿನಿಂದ ಬಂದ ಅರೇಬಿಕಾ ಬೀಜದ ಲೋಳೆ ಬಿಡಲೆಂದು ತೊಟ್ಟಿಯಲ್ಲಿ ಒಂದು ದಿನಕ್ಕೂ ಹೆಚ್ಚು ಕಾಲ ಹುದುಗಿಸುವವರು ಅವರೇ. ಯಾವ ವಾಸನೆ ಬಂದಾಗ ತೊಳೆಯಬೇಕು, ಎಷ್ಟು ಹೊತ್ತು ಮೀರಿದರೆ ಬೀಜ ಕೆಡುತ್ತದೆ ಎಂಬುದು ಅವರ ಮೂಗಿಗೂ ಬೆರಳಿಗೂ ಗೊತ್ತು.

ಮನೆಯ ಭರಣಿಗೆ ಮಿತಿಯೊಳಗೆ ಮಾನ್ಯತೆ ಕೊಟ್ಟ ಆಡಳಿತಗಳು ಹಿಂದೆಯೂ ಇದ್ದವು, ಈಗಲೂ ಇವೆ. ರೊಮೇನಿಯಾದ ಹಳ್ಳಿಗಳಲ್ಲಿ ಪ್ಲಮ್ ಹಣ್ಣು ಹುದುಗಿಸಿ, ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸಿ ‘ತ್ಸುಯಿಕಾ’ ಮಾಡುತ್ತಾರೆ. ಹುಳಿ ಚೆರ್ರಿಯನ್ನು ಸಕ್ಕರೆ, ಮದ್ಯಸಾರಗಳಲ್ಲಿ ನೆನೆಹಾಕಿ ‘ವಿಶಿನಾತ’ ಮಾಡುತ್ತಾರೆ. ಹಣ್ಣು ಬೆಳೆಯುವ ಕುಟುಂಬ ಸ್ವಂತ ಬಳಕೆಗೆ ಇಳಿಸಿಕೊಳ್ಳುವ ಹಣ್ಣಿನ ಮದ್ಯಕ್ಕೆ, ಮನೆಯೊಂದಕ್ಕೆ ವರ್ಷಕ್ಕೆ 50 ಲೀಟರ್‌ವರೆಗೆ, ಸುಂಕದಲ್ಲಿ ರಿಯಾಯಿತಿ ನೀಡಲು ಯುರೋಪಿನ ಒಕ್ಕೂಟ ಆ ದೇಶಕ್ಕೆ ಅವಕಾಶ ಕೊಟ್ಟಿದೆ. ಇದು ಹೊರದೇಶದ ಮಾತಾಯಿತು ಎನ್ನುವವರು ಕೌಟಿಲ್ಯನ ಅರ್ಥಶಾಸ್ತ್ರ ನೋಡಬಹುದು. ಮದ್ಯದ ಮೇಲೆ ಬಿಗಿ ಹಿಡಿತವಿಟ್ಟು, ಅದಕ್ಕೆಂದೇ ಸುರಾಧ್ಯಕ್ಷನನ್ನು ನೇಮಿಸುವ ಆ ಗ್ರಂಥವೇ ಗೃಹಸ್ಥರು ಶುಭಕಾರ್ಯಗಳಿಗೆ ಬಿಳಿ ಸುರೆಯನ್ನು, ಔಷಧಕ್ಕೆ ಅರಿಷ್ಟವನ್ನು ಮನೆಯಲ್ಲೇ ಮಾಡಿಕೊಳ್ಳಲು ಒಪ್ಪುತ್ತದೆ. ಆ ಅರಿಷ್ಟ ಇಂದಿಗೂ ನಮ್ಮ ಕಪಾಟುಗಳಲ್ಲಿದೆ. ದ್ರಾಕ್ಷಾರಿಷ್ಟ, ಬಾಣಂತಿಗೆ ಕೊಡುವ ದಶಮೂಲಾರಿಷ್ಟ ಎರಡೂ ಹುದುಗಿನಿಂದಲೇ ಆಗುವಂಥವು. ತಾನಾಗಿ ಹುಟ್ಟಿದ ಮದ್ಯಸಾರ ಇದೆಯೆಂದು ಶೀಶೆಯ ಮೇಲೆಯೇ ಬರೆದಿರುತ್ತದೆ.

ಆಕ್ಷೇಪಗಳು ಹಗುರವಲ್ಲ. ಕುಡಿತ ಈ ನಾಡಿನ ಎಷ್ಟೋ ಮನೆಗಳನ್ನು ಮುರಿದಿದೆ, ತೋಟದ ಕಾರ್ಮಿಕರ ಲೈನ್ ಮನೆಗಳ ಹೆಂಗಸರು ಅದರ ಬೆಲೆಯನ್ನು ಎಲ್ಲರಿಗಿಂತ ಹೆಚ್ಚು ತೆತ್ತಿದ್ದಾರೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿದ್ದನ್ನು ನಾನು ಒಳ್ಳೆಯದೆಂದೇ ಬಗೆಯುತ್ತೇನೆ. ಆದರೆ ಅದೇ 2007ರಲ್ಲಿ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನೂ ತಂದು ದ್ರಾಕ್ಷಿ ಬೆಳೆಗಾರರ ಬೆನ್ನಿಗೆ ನಿಂತಿತು. ವೈನ್ ಬೇರೆ, ಸಾರಾಯಿ ಬೇರೆ ಎಂದು ರಾಜ್ಯವೇ ಒಪ್ಪಿದ ಮೇಲೆ ಆ ತಿಳಿವಳಿಕೆ ಕಿತ್ತಳೆ, ನೇರಳೆಗಳಿಗೆ ಏಕೆ ಸಲ್ಲಬಾರದು? ಇನ್ನೊಂದು ಭಯ ವಿಷದ್ದು. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನರನ್ನು ಕೊಂದದ್ದು ಮೆಥನಾಲ್ ಬೆರೆತ ಕಳ್ಳಮದ್ಯ. ಹಣ್ಣು ಹುದುಗುವಾಗಲೂ ಅದರ ಪೆಕ್ಟಿನ್‌ನಿಂದ ತುಸು ಮೆಥನಾಲ್ ಹುಟ್ಟುವುದು ನಿಜ, ಆದರೆ ಅದು ಅತ್ಯಲ್ಪ. ಭಟ್ಟಿ ಇಳಿಸುವಾಗ ಮಾತ್ರ ಅದು ಸಾಂದ್ರವಾಗುವ ಅಪಾಯವಿದೆ. ಆದ್ದರಿಂದಲೇ ರೊಮೇನಿಯಾದ ಹಂಡೆ ನಮಗೆ ಬೇಡ. ಮನೆಯಲ್ಲಿ ಭಟ್ಟಿ ಇಳಿಸುವುದು ಅಪರಾಧವಾಗಿಯೇ ಉಳಿಯಲಿ.

ಮಾರಾಟದ ಪ್ರಶ್ನೆ ಬೇರೆಯೇ. ಮನೆ ಬಳಕೆಯ ನೆಪದಲ್ಲಿ ಹೆಸರು, ದಿನಾಂಕವಿಲ್ಲದ ಬಾಟಲಿಗಳನ್ನು ಪ್ರವಾಸಿಗರಿಗೆ ಮಾರುವುದನ್ನು ನಾನು ಸಮರ್ಥಿಸುವುದಿಲ್ಲ. ಕೊಳ್ಳುವವನಿಗೆ ಒಳಗೇನಿದೆ, ಎಷ್ಟಿದೆ ಎಂದು ತಿಳಿಯುವ ಹಕ್ಕಿದೆ. ಅದಕ್ಕೆ ದಾರಿ ಪಕ್ಕದ ಕೇರಳದಲ್ಲಿದೆ. ಅಲ್ಲಿನ ಸರ್ಕಾರ 2022ರಲ್ಲಿ ಹಣ್ಣು ಮತ್ತಿತರ ಕೃಷಿ ಉತ್ಪನ್ನಗಳಿಂದ ವೈನ್ ತಯಾರಿಸುವ ಸಣ್ಣ ಘಟಕಗಳಿಗೆಂದೇ ನಿಯಮ ಮಾಡಿತು. ನಮ್ಮಲ್ಲೂ ಮಾರುವವರು ಅಂಥ ಪರವಾನಗಿ ಪಡೆದು, ಪರೀಕ್ಷೆಗೆ ಒಳಪಟ್ಟು ಮಾರಲಿ. ಮಾರದವರಿಗೆ ಬೇಕಿರುವುದು ಕಾಯ್ದೆಯಲ್ಲಿ ಒಂದೇ ಸಾಲು: ವರ್ಷಕ್ಕೆ ಮನೆಯೊಂದಕ್ಕೆ 20 ಲೀಟರ್ ಹಣ್ಣಿನ ವೈನ್, ಭಟ್ಟಿ ಕೂಡದು, ಮಾರಾಟ ಕೂಡದು. ಮಲೆನಾಡಿನ ಶಾಸಕರು ಈ ಸಾಲನ್ನು ಸದನದಲ್ಲಿ ಕೇಳಬೇಕು. ಅವರು ಕೇಳುವಂತೆ ತೋಟದ ಮನೆಗಳವರು ಒತ್ತಾಯಿಸಬೇಕು.