ಅಕ್ಕ ಬಂದನು!

ಮನೆಮಾತು ಮಲೆಯಾಳವಾಗಿರುವ ಮಗುವೊಂದು ನಮ್ಮ ಕಾಸರಗೋಡಿನ ಕನ್ನಡ ತರಗತಿಯಲ್ಲಿ ಕುಳಿತು 'ಅಕ್ಕ ಬಂದನು' ಎಂದು ಬರೆದರೆ ತರಗತಿಯೇ ನಗುತ್ತದೆ. ಅಧ್ಯಾಪಕರ ಕೆಂಪು ಶಾಯಿ ಓಡುತ್ತದೆ. ಮಗು ಮರುದಿನದಿಂದ ಬಾಯಿ ಬಿಡುವುದಿಲ್ಲ.

ತಪ್ಪು ದಡ್ಡತನದ್ದಲ್ಲ. ಮಲೆಯಾಳದಲ್ಲಿ ಅವನ್ ವನ್ನು, ಅವಳ್ ವನ್ನು, ಅವರ್ ವನ್ನು. ಯಾರು ಬಂದರೂ ಕ್ರಿಯಾಪದ ಒಂದೇ. ಹಳೆಯ ಮಲೆಯಾಳದಲ್ಲಿದ್ದ ಪ್ರತ್ಯಯಗಳು ಸವೆದುಹೋಗಿವೆ. ಕನ್ನಡದಲ್ಲಾದರೋ ಬಂದೆನು, ಬಂದನು, ಬಂದಳು, ಬಂದಿತು, ಬಂದರು, ಬಂದವು! ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲಿದ್ದ ಕರ್ತೃವನ್ನು ಮಗು ನೆನಪಿನಲ್ಲಿಟ್ಟುಕೊಂಡಿರಬೇಕು. ಪ್ರತ್ಯಯಗಳ ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸುವ ಮಗುವೇ ಮಾತಿನ ಭರದಲ್ಲಿ ಎಡವುವುದು ಇದರಿಂದ.

ಇಂಥ ತಪ್ಪುಗಳೇ ಕಲಿಕೆಯ ಕುರುಹು ಎಂದು ಪಿಟ್ ಕಾರ್ಡರ್ 1967ರಲ್ಲಿಯೇ ಬರೆದರು. ಕಲಿಯುವವನು ಎರಡು ಭಾಷೆಗಳ ನಡುವೆ ತನ್ನದೇ ಒಂದು ವ್ಯಾಕರಣ ಕಟ್ಟಿಕೊಳ್ಳುತ್ತಾನೆಂಬುದನ್ನು ಸೆಲಿಂಕರ್ 1972ರಲ್ಲಿ ವಿವರಿಸಿದರು. ದೂರವೇಕೆ, 1979ರಿಂದ 1984ರ ವರೆಗೆ ಎನ್. ಎಸ್. ಪ್ರಭು ಅವರು ಬೆಂಗಳೂರು ಯೋಜನೆಯಲ್ಲಿ ಸೂತ್ರ ಬಾಯಿಪಾಠ ಮಾಡಿಸದೆ, ರೈಲಿನ ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಲೆಕ್ಕಾಚಾರ ಮಾಡಿಸುತ್ತ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನೋಡಿದರು.

ನಮ್ಮ ತರಗತಿಯಲ್ಲಿಯೂ, ಮನೆಗೆ ನಿನ್ನೆ ಯಾರು ಯಾರು ಬಂದರೆಂದು ಆ ಮಗುವನ್ನೇ ಕೇಳಬಹುದು. 'ಅಕ್ಕ ಬಂದನು' ಎಂದೀತು. 'ಓ, ಅಕ್ಕ ಬಂದಳೋ? ಮತ್ತೆ ಯಾರು ಬಂದರು?' ಎಂದರಾಯಿತು.