ಟೇಪ್ ರೆಕಾರ್ಡರ್ ದನಿ ಎಳೆಯುತ್ತಿದೆಯೇ? ಬೆಲ್ಟ್ ನೋಡಿ



ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಟೇಪ್ ರೆಕಾರ್ಡರ್ ಇದೆಯೇ? ಪಕ್ಕದಲ್ಲಿ ನಾಲ್ಕಾರು ಕ್ಯಾಸೆಟ್ ಇವೆಯೇ? ಇದ್ದರೆ ಈ ಪಾಠ ನಿಮಗೇ.

ಕ್ಯಾಸೆಟ್ ಮೊದಲು ಬಂದದ್ದು 1963ರಲ್ಲಿ. ಫಿಲಿಪ್ಸ್ ಎಂಬ ಕಂಪನಿ ಅದನ್ನು ಹೊರತಂದಿತು. ನಮ್ಮ ಊರುಗಳಲ್ಲಿ ಅದು ಮನೆಮಾತಾದದ್ದು 1980ರ ನಂತರ. ಮದುವೆ ಮನೆ, ಜಾತ್ರೆ, ಟೀ ಅಂಗಡಿ, ಬಸ್ಸು, ಎಲ್ಲೆಲ್ಲೂ ಕ್ಯಾಸೆಟ್ ಹಾಡೇ ಹಾಡು. ಈಗ ಹಾಡು ಮೊಬೈಲಿನಲ್ಲಿ ಬರುತ್ತದೆ. ಸಿನಿಮಾ ಹಾಡಿಗೆ ಹಳೆ ಕ್ಯಾಸೆಟ್ ಬೇಕೆಂದಿಲ್ಲ.

ಆದರೆ ಮನೆಯಲ್ಲೇ ದನಿ ತುಂಬಿದ ಕ್ಯಾಸೆಟ್ ಇರುತ್ತದಲ್ಲ, ಅದರ ಮಾತೇ ಬೇರೆ. ಅಜ್ಜಿ ಹಾಡಿದ ಸೋಬಾನೆ ಪದ. ಅಪ್ಪ ಪಾತ್ರ ಮಾಡಿದ ಬಯಲಾಟ. ಮಗು ತೊದಲಿದ ಮಾತು. ಇವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಮೊಬೈಲಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಇರುವುದು ಅದೊಂದೇ.

ಗಲ್ಫ್ ದೇಶಗಳಿಗೆ ದುಡಿಯಲು ಹೋದವರ ಮನೆಗಳಲ್ಲಿ ಕ್ಯಾಸೆಟ್ಟೇ ಕಾಗದವೂ ಆಗಿತ್ತು. ಗಂಡ ಅಲ್ಲಿಂದ ಮಾತು ತುಂಬಿ ಕಳಿಸುವುದು. ಹೆಂಡತಿ ಇಲ್ಲಿಂದ ಮನೆಯ ಸುದ್ದಿ ತುಂಬಿ ಕಳಿಸುವುದು. ಓದು ಬರಹ ಬಾರದ ಹೆಂಗಸಿಗೆ ಅದರಿಂದ ಎಷ್ಟು ಅನುಕೂಲ! ತನ್ನ ಕಷ್ಟ ಸುಖವನ್ನು ಬೇರೆಯವರ ಕೈಯಲ್ಲಿ ಬರೆಸಬೇಕಾಗಿರಲಿಲ್ಲ. ಬಂದ ಕಾಗದವನ್ನು ಬೇರೆಯವರಿಂದ ಓದಿಸಬೇಕಾಗಿರಲಿಲ್ಲ.

ಇಂಥ ಕ್ಯಾಸೆಟ್ಟನ್ನು ಬಹಳ ವರ್ಷಗಳ ಮೇಲೆ ಹಾಕುತ್ತೀರಿ. ದನಿ ಎಳೆದೆಳೆದು ಬರುತ್ತದೆ. ಅಜ್ಜಿಯ ದನಿ ಗಂಡಸಿನ ದನಿಯಂತೆ ಕೇಳುತ್ತದೆ. ಇಲ್ಲವೇ ಗುಂಡಿ ಒತ್ತಿದರೆ ಒಳಗೆ ಗುಂಯ್ ಅನ್ನುತ್ತದೆ, ಕ್ಯಾಸೆಟ್ ಮಾತ್ರ ತಿರುಗುವುದಿಲ್ಲ. "ಕ್ಯಾಸೆಟ್ ಹಾಳಾಯ್ತು, ಎಸೀರಿ" ಅನ್ನುತ್ತಾರೆ ಮನೆಯವರು. "ಮಿಷಿನ್ನು ಹೋಯ್ತು, ಗುಜರಿಗೆ ಹಾಕಿ" ಅನ್ನುತ್ತಾರೆ ನೆರೆಯವರು.

ತಡೆಯಿರಿ. ಎರಡನ್ನೂ ಎಸೆಯಬೇಡಿ. ಹಾಳಾಗಿರುವುದು ಬಹಳ ಸಲ ಒಂದು ಸಣ್ಣ ರಬ್ಬರ್ ಬೆಲ್ಟ್.

ಒಳಗೆ ಏನಿದೆ?

ಹೊಲಿಗೆ ಯಂತ್ರ ನೋಡಿದ್ದೀರಿ. ಕೆಳಗೆ ದೊಡ್ಡ ಗಾಲಿ, ಮೇಲೆ ಸಣ್ಣ ಗಾಲಿ. ಎರಡಕ್ಕೂ ಸೇರಿ ಒಂದು ಬೆಲ್ಟ್. ಕಾಲಿನಿಂದ ತುಳಿದರೆ ಕೆಳಗಿನ ಗಾಲಿ ತಿರುಗುತ್ತದೆ. ಬೆಲ್ಟ್ ಮೇಲಿನ ಗಾಲಿಯನ್ನು ತಿರುಗಿಸುತ್ತದೆ. ಬೆಲ್ಟ್ ಸಡಿಲ ಆದರೆ ಏನಾಗುತ್ತದೆ? ನೀವು ತುಳಿಯುತ್ತಲೇ ಇರುತ್ತೀರಿ, ಸೂಜಿ ಮಾತ್ರ ಏಳುವುದಿಲ್ಲ. ಬೆಲ್ಟ್ ಜಾರುತ್ತದೆ.

ಟೇಪ್ ರೆಕಾರ್ಡರ್ ಒಳಗೂ ಹೀಗೇ. ನಿಮ್ಮ ಕಾಲಿನ ಕೆಲಸವನ್ನು ಅಲ್ಲಿ ಒಂದು ಪುಟ್ಟ ಮೋಟರು ಮಾಡುತ್ತದೆ. ಮೋಟರಿನ ತುದಿಯಲ್ಲಿ ಸಣ್ಣ ಗಾಲಿ ಇದೆ. ಅದರಿಂದ ಬೆಲ್ಟ್ ಹೊರಟು ಒಂದು ಭಾರದ ಗಾಲಿಗೆ ಸುತ್ತಿಕೊಂಡಿರುತ್ತದೆ. ರಿಪೇರಿಯವರು ಇದನ್ನು ಫ್ಲೈವೀಲ್ ಅನ್ನುತ್ತಾರೆ. ಈ ಗಾಲಿ ಭಾರ ಇರುವುದರಿಂದ ಒಂದೇ ಸಮನೆ ತಿರುಗುತ್ತದೆ. ಅದರ ನಡುವಿನಿಂದ ಉಕ್ಕಿನ ಒಂದು ಸಣ್ಣ ಕಡ್ಡಿ ಮುಂದಕ್ಕೆ ಚಾಚಿದೆ. ಈ ಕಡ್ಡಿಗೆ ಒಂದು ರಬ್ಬರ್ ಗಾಲಿ ಒತ್ತಿಕೊಳ್ಳುತ್ತದೆ. ಎರಡರ ನಡುವೆ ಕ್ಯಾಸೆಟ್ಟಿನ ಕಂದು ಪಟ್ಟಿ ಸಿಕ್ಕಿ ಮುಂದಕ್ಕೆ ಸರಿಯುತ್ತದೆ.

ಎಷ್ಟು ವೇಗ? ಒಂದು ಸೆಕೆಂಡಿಗೆ 4.76 ಸೆಂಟಿಮೀಟರ್. ಹೆಚ್ಚುಕಡಿಮೆ ನಿಮ್ಮ ಮೂರು ಬೆರಳಗಲ. ದನಿ ತುಂಬುವಾಗ ಇದೇ ವೇಗ. ಕೇಳುವಾಗಲೂ ಇದೇ ವೇಗ ಇರಬೇಕು. ವೇಗ ಕಡಿಮೆಯಾದರೆ ದನಿ ದಪ್ಪ ಆಗುತ್ತದೆ. ಹೆಚ್ಚಾದರೆ ಕೀಚಲು ಆಗುತ್ತದೆ. ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಆದರೆ ಹಾಡು ನಡುಗುತ್ತದೆ.

ಒಳಗೆ ಇನ್ನೂ ಒಂದೆರಡು ಬೆಲ್ಟ್ ಇರಬಹುದು. ಪಟ್ಟಿಯನ್ನು ಸುತ್ತಿಕೊಳ್ಳುವ ಗಾಲಿಗೆ ಒಂದು. ಮೇಲೆ ಅಂಕಿ ತೋರಿಸುವ ಎಣಿಕೆ ಚಕ್ರ ಇದ್ದರೆ ಅದಕ್ಕೊಂದು.

ಕ್ಯಾಸೆಟ್ ಪಟ್ಟಿ ಸಿಕ್ಕಾಗಿ ಹೊರಗೆ ಬರುತ್ತದಲ್ಲ, ಅದಕ್ಕೆ ಎಷ್ಟೋ ಸಲ ಈ ಸುತ್ತುವ ಗಾಲಿಯೇ ಕಾರಣ. ಕಡ್ಡಿ ಪಟ್ಟಿಯನ್ನು ತಳ್ಳುತ್ತಲೇ ಇರುತ್ತದೆ. ಅತ್ತ ಸುತ್ತಿಕೊಳ್ಳಬೇಕಾದ ಗಾಲಿ ನಿಂತಿರುತ್ತದೆ. ಪಟ್ಟಿ ಎಲ್ಲಿಗೆ ಹೋಗಬೇಕು ಪಾಪ? ಮಿಷಿನ್ನಿನ ಹೊಟ್ಟೆಗೇ ಹೋಗುತ್ತದೆ. ಮಡಚಿ, ಮುದುಡಿ, ಕೆಲವು ಸಲ ಹರಿದೇ ಹೋಗುತ್ತದೆ. ಆದ್ದರಿಂದ ಮಿಷಿನ್ ಸರಿ ಆಗುವವರೆಗೆ ಬೆಲೆಬಾಳುವ ಕ್ಯಾಸೆಟ್ಟನ್ನು ಅದರಲ್ಲಿ ಹಾಕಲೇಬೇಡಿ.

ಬೆಲ್ಟೇ ಕೆಟ್ಟಿದೆ ಅಂತ ಗೊತ್ತಾಗುವುದು ಹೇಗೆ?

ಮೊದಲು ಸೆಲ್ ತೆಗೆದು ಕರೆಂಟಿಗೆ ಹಾಕಿ ನೋಡಿ. ಸೆಲ್ ಸೋತಿದ್ದರೂ ದನಿ ಎಳೆಯುತ್ತದೆ. ಕರೆಂಟಿನಲ್ಲೂ ಹಾಗೇ ಎಳೆದರೆ, ಹೋದರೂ ಪರವಾಗಿಲ್ಲ ಅನ್ನಿಸುವ ಬೇರೊಂದು ಕ್ಯಾಸೆಟ್ ಹಾಕಿ. ಅದು ಸರಿಯಾಗಿ ಬಂದರೆ ಮೊದಲಿನ ಕ್ಯಾಸೆಟ್ಟೇ ಬಿಗಿಯಾಗಿದೆ. ಅದೂ ಎಳೆದರೆ ಬೆಲ್ಟಿನ ಮೇಲೆ ಅನುಮಾನ ಪಡಬಹುದು. ದನಿಯ ವೇಗ ಸರಿ ಇದ್ದು ಮಂಕಾಗಿ ಮಾತ್ರ ಕೇಳಿದರೆ ಅದು ಬೆಲ್ಟ್ ಅಲ್ಲ. ಹೆಡ್ ಕೊಳೆಯಾಗಿರುತ್ತದೆ. ಹತ್ತಿಗೆ ಸ್ವಲ್ಪ ಸ್ಪಿರಿಟ್ ತಾಗಿಸಿ ಒರೆಸಿದರೆ ಸಾಕು.

ರಬ್ಬರ್ ಯಾಕೆ ಕೆಡುತ್ತದೆ? ವಯಸ್ಸಾದಂತೆ ಅದು ಹಿಗ್ಗುತ್ತದೆ, ಗಟ್ಟಿಯಾಗುತ್ತದೆ, ಬಿರಿಯುತ್ತದೆ. ಬಳಸದೆ ಸುಮ್ಮನೆ ಇಟ್ಟರೂ ಕೆಡುತ್ತದೆ. ಕೆಲವು ಬೆಲ್ಟ್‌ಗಳು ಕರಗಿ ಡಾಂಬರಿನಂತೆ ಅಂಟಂಟು ಆಗಿಬಿಡುತ್ತವೆ.

ಬಿಚ್ಚುವ ಮೊದಲು

ಕರೆಂಟಿನ ಪಿನ್ ಕಿತ್ತು ಪಕ್ಕಕ್ಕಿಡಿ. ಸ್ವಿಚ್ ಆರಿಸಿದರೆ ಸಾಲದು, ಪಿನ್ನೇ ಹೊರಗೆ ಬರಬೇಕು. ಸೆಲ್ ತೆಗೆಯಿರಿ. ಕ್ಯಾಸೆಟ್ ತೆಗೆಯಿರಿ. ಕರೆಂಟಿನ ವೈರ್ ಮೇಲೆ ಬಿರುಕು ಇದ್ದರೆ ನೀವು ಕೈ ಹಾಕಬೇಡಿ, ರಿಪೇರಿ ಅಂಗಡಿಗೆ ಕೊಡಿ.

ಹಳೇ ಪೇಪರ್ ಹಾಸಿ. ಮಿಷಿನ್ನನ್ನು ಮಗುಚಿ ಇಡಿ. ಹಿಂದಿನ ತಿರುಪುಗಳನ್ನು ಬಿಚ್ಚಿ. ತಿರುಪು ಎಲ್ಲ ಒಂದೇ ಉದ್ದ ಇರುವುದಿಲ್ಲ. ಉದ್ದದ ತಿರುಪನ್ನು ಗಿಡ್ಡ ತಿರುಪಿನ ಜಾಗದಲ್ಲಿ ಹಾಕಿದರೆ ಒಳಗೆ ಚುಚ್ಚಿ ಕೆಡಿಸುತ್ತದೆ. ಅದಕ್ಕೆ ಒಂದು ಹಾಳೆಯ ಮೇಲೆ ಮಿಷಿನ್ನಿನ ಹಿಂಬದಿಯ ಚಿತ್ರ ಬರೆಯಿರಿ. ಚೌಕ ಬರೆದರೂ ಸಾಕು. ಯಾವ ಮೂಲೆಯ ತಿರುಪು ಆ ಮೂಲೆಯಲ್ಲೇ ಇಡಿ. ಎಷ್ಟು ತಿರುಪು ಅಂತ ಎಣಿಸಿ ಅಂಕಿ ಬರೆಯಿರಿ.

ಹಿಂದಿನ ಹಲಗೆಯನ್ನು ನಿಧಾನ ಎತ್ತಿ. ಒಳಗಿನಿಂದ ಸಣ್ಣ ಸಣ್ಣ ವೈರ್ ಬಂದಿರುತ್ತವೆ. ಎಳೆದರೆ ಕಿತ್ತುಬರುತ್ತವೆ. ಕರೆಂಟಿನ ವೈರ್ ಒಳಗೆ ಬರುವ ಜಾಗವನ್ನು ಮುಟ್ಟಬೇಡಿ.

ಕೆಲವು ಮಿಷಿನ್‌ಗಳಲ್ಲಿ ಗಾಲಿಗಳು ಕಣ್ಣಿಗೆ ಕಾಣುತ್ತವೆ. ಕೆಲವದರಲ್ಲಿ ಮೇಲೆ ಒಂದು ದೊಡ್ಡ ಹಸಿರು ಹಲಗೆ ಅಡ್ಡ ಇರುತ್ತದೆ. ಅದನ್ನು ಬಿಡಿಸಲು ಬೆಸುಗೆ ಕಿತ್ತು ಮತ್ತೆ ಹಾಕಬೇಕಾದರೆ ಅದು ರಿಪೇರಿಯವರ ಕೆಲಸ. ಅಲ್ಲಿಗೇ ನಿಲ್ಲಿಸಿ. ಇದರಲ್ಲಿ ನಾಚಿಕೆ ಏನಿಲ್ಲ. ಅಂಗಡಿಗೆ ಹೋದಾಗ "ಎಲ್ಲಾ ಹೋಗಿದೆ" ಅಂದರೆ ಮಾತ್ರ "ಬೆಲ್ಟ್ ನೋಡಿದಿರಾ? ತೋರಿಸಿ" ಅಂತ ಕೇಳಿ. ಬೆಲ್ಟಿಗೆ ಎಷ್ಟು, ಕೂಲಿಗೆ ಎಷ್ಟು ಅಂತ ಬೇರೆ ಬೇರೆ ಬರೆಸಿ ಚೀಟಿ ತೆಗೆದುಕೊಳ್ಳಿ. ಬರೆದದ್ದನ್ನು ಓದಲು ಈಗ ನಿಮಗೆ ಬರುತ್ತದೆ, ಅಲ್ಲವೇ?

ಬೆಲ್ಟಿನ ಅಳತೆ

ಬೆಲ್ಟ್ ತೆಗೆಯುವ ಮೊದಲು ಅದು ಯಾವ ಗಾಲಿಯಿಂದ ಯಾವ ಗಾಲಿಗೆ ಹೋಗಿದೆ, ಗಾಲಿಯ ಒಳಗಿನಿಂದಲೋ ಹೊರಗಿನಿಂದಲೋ ನೋಡಿ. ಗಾಲಿಗಳಿಗೆ 1, 2, 3 ಅಂತ ಅಂಕಿ ಕೊಟ್ಟು ಚಿತ್ರ ಬರೆಯಿರಿ. ಮೊಬೈಲ್ ಇದ್ದರೆ ಫೋಟೋ ತೆಗೆಯಿರಿ. ಫೋಟೋ ಇದ್ದರೂ ಚಿತ್ರ ಬರೆದಿಟ್ಟರೆ ಒಳ್ಳೆಯದು. ಫೋಟೋದಲ್ಲಿ ಕರಿ ಬೆಲ್ಟ್, ಕರಿ ಗಾಲಿ ಒಂದೇ ಥರ ಕಾಣುತ್ತವೆ.

ಹಳೇ ಬೆಲ್ಟಿನ ಉದ್ದಕ್ಕೇ ಹೊಸ ಬೆಲ್ಟ್ ತರಬಾರದು. ಹಳೇದು ಹಿಗ್ಗಿರುತ್ತದೆ. ಅದರ ಅಳತೆಗೆ ತಂದರೆ ಹೊಸದೂ ಸಡಿಲವೇ. ಮತ್ತೆ ಹೇಗೆ? ಹೊಲಿಗೆ ದಾರ ತೆಗೆದುಕೊಳ್ಳಿ. ಬೆಲ್ಟ್ ಹೋಗುವ ದಾರಿಯಲ್ಲೇ ಗಾಲಿಗಳ ಸುತ್ತ ದಾರ ಸುತ್ತಿ. ತುದಿಗಳು ಸೇರುವ ಜಾಗಕ್ಕೆ ಪೆನ್ನಿನಿಂದ ಗುರುತು ಮಾಡಿ. ದಾರ ಬಿಚ್ಚಿ ಸ್ಕೇಲ್ ಮೇಲೆ ಇಟ್ಟು ಅಳೆಯಿರಿ. ಹೊಸ ಬೆಲ್ಟ್ ಇದಕ್ಕಿಂತ ನೂರಕ್ಕೆ ಐದರಿಂದ ಹತ್ತರಷ್ಟು ಚಿಕ್ಕದಿರಬೇಕು. ದಾರ 30 ಸೆಂಟಿಮೀಟರ್ ಇದ್ದರೆ ಬೆಲ್ಟ್ 27ರಿಂದ 28.5 ಸೆಂಟಿಮೀಟರ್. ಹಾಕಿದಾಗ ಸ್ವಲ್ಪ ಹಿಗ್ಗಿ ಗಾಲಿಯನ್ನು ಹಿಡಿಯುತ್ತದೆ.

ತೀರಾ ಚಿಕ್ಕದೂ ಬೇಡ. ಬಹಳ ಬಿಗಿಯಾದರೆ ಮೋಟರಿಗೆ ಎಳೆಯಲು ಕಷ್ಟ. ಮೋಟರು ಬೇಗ ಸವೆಯುತ್ತದೆ.

ಅಂಗಡಿಯಲ್ಲಿ ಸುತ್ತಳತೆ ಕೇಳಬಹುದು, ಅಡ್ಡಳತೆಯನ್ನೂ ಕೇಳಬಹುದು. ಬಳೆ ಅಂಗಡಿಯಲ್ಲಿ "2.4 ಕೊಡಿ, 2.6 ಕೊಡಿ" ಅನ್ನುತ್ತೀರಲ್ಲ, ಅದು ಬಳೆಯ ಅಡ್ಡಳತೆ. ಬೆಲ್ಟಿಗೂ ಹಾಗೇ. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ಅಡ್ಡಳತೆ ಬರುತ್ತದೆ. 27 ಸೆಂಟಿಮೀಟರ್ ಸುತ್ತಿನ ಬೆಲ್ಟಿಗೆ ಅಡ್ಡಳತೆ 8.6 ಸೆಂಟಿಮೀಟರ್. ಲೆಕ್ಕ ಕಷ್ಟ ಅನ್ನಿಸಿದರೆ ಆ ದಾರವನ್ನೂ ಹಳೇ ಬೆಲ್ಟನ್ನೂ ಅಂಗಡಿಗೇ ಒಯ್ಯಿರಿ. ಬೆಲ್ಟ್ ಚಪ್ಪಟೆಯೋ ಚೌಕವೋ ಅದನ್ನೂ ತೋರಿಸಿ. ಚಪ್ಪಟೆ ಬೆಲ್ಟಿನ ಜಾಗಕ್ಕೆ ಚಪ್ಪಟೆಯದೇ ಬೇಕು. ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೇಳಿ. ಬೆಂಗಳೂರಿಗೆ ಹೋಗುವವರಿದ್ದರೆ ಎಸ್.ಪಿ. ರಸ್ತೆಯಲ್ಲಿ ಇಂಥ ಸಾಮಾನಿನ ಅಂಗಡಿಗಳು ಸಾಲಾಗಿವೆ.

ಒಬ್ಬ ಅಕ್ಕ ಕೇಳಬಹುದು: "ಅಷ್ಟೆಲ್ಲಾ ಯಾಕೆ? ತಲೆಗೆ ಹಾಕೋ ರಬ್ಬರ್ ಬ್ಯಾಂಡ್ ಹಾಕಿದ್ರೆ ಆಗಲ್ವಾ?" ತಿರುಗುವುದೇನೋ ತಿರುಗಬಹುದು. ಆದರೆ ಅದು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಾಡು ಜೋಕಾಲಿ ಆಡಿದಂತೆ ಬರುತ್ತದೆ. ಬೇಗ ಹರಿದೂ ಹೋಗುತ್ತದೆ.

ಹೊಸ ಬೆಲ್ಟ್ ಹಾಕುವುದು

ಹಳೇ ಬೆಲ್ಟ್ ಕರಗಿ ಅಂಟಿದ್ದರೆ ಮೊದಲು ಅದನ್ನು ತೆಗೆಯಬೇಕು. ಇದು ಬೇಸರದ ಕೆಲಸ. ಕೈ ಮಸಿ ಆಗುತ್ತದೆ, ಸೀರೆಗೆ ತಾಗಿದರೆ ಬಿಡುವುದಿಲ್ಲ. ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಗಾಲಿಯ ಸಂದುಗಳನ್ನು ಒರೆಸಿ. ಹತ್ತಿ ಕರಿ ಆಗದೆ ಬರುವವರೆಗೆ ಒರೆಸಿ. ಒಂದು ಸಣ್ಣ ಚೂರು ಉಳಿದರೂ ಗಾಲಿ ತಿರುಗುವಾಗ ದನಿ ಕುಂಟುತ್ತದೆ. ಸ್ಪಿರಿಟ್ಟಿಗೆ ಬೇಗ ಬೆಂಕಿ ಹತ್ತುತ್ತದೆ. ಒಲೆ, ದೀಪ, ಊದುಬತ್ತಿ ಹತ್ತಿರ ಇರಬಾರದು. ಕಿಟಕಿ ತೆರೆದಿರಲಿ. ಪಟ್ಟಿಯನ್ನು ಒತ್ತುವ ರಬ್ಬರ್ ಗಾಲಿಗೆ ಸ್ಪಿರಿಟ್ ಬೇಡ. ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ.

ಕೈ ಸೋಪಿನಲ್ಲಿ ತೊಳೆದು ಒರೆಸಿಕೊಂಡ ಮೇಲೆ ಹೊಸ ಬೆಲ್ಟ್ ಮುಟ್ಟಿ. ಎಣ್ಣೆ ಕೈ ತಾಗಿದರೆ ಬೆಲ್ಟ್ ಜಾರುತ್ತದೆ. ಕಿರುಗುಟ್ಟುವ ಬಾಗಿಲಿಗೆ ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ನಮಗೆಲ್ಲ ಇದೆ. ಇಲ್ಲಿ ಅದು ಖಂಡಿತ ಬೇಡ. ಬೆಲ್ಟಿಗೆ ಎಣ್ಣೆ ಬಿಟ್ಟರೆ ಅದರ ಕತೆ ಮುಗಿಯಿತು.

ಮೊದಲು ದೊಡ್ಡ ಗಾಲಿಗೆ ಹಾಕಿ. ಆಮೇಲೆ ಮೋಟರಿನ ಪುಟ್ಟ ಗಾಲಿಗೆ ಎಳೆದು ಕೂರಿಸಿ. ಬೆಲ್ಟ್ ಮುರಿ ಬಿದ್ದಿರಬಾರದು. ಬೆರಳಿನಿಂದ ದೊಡ್ಡ ಗಾಲಿಯನ್ನು ಹತ್ತು ಸುತ್ತು ತಿರುಗಿಸಿ. ಬೆಲ್ಟ್ ತನ್ನ ಜಾಗದಲ್ಲೇ ಓಡಿದರೆ ಸರಿ. ನಿಮ್ಮ ಚಿತ್ರ ನೋಡಿಕೊಂಡು ಮುಚ್ಚಿ. ತಿರುಪು ಎಣಿಸಿ. ಒಂದೂ ಉಳಿದಿರಬಾರದು.

ಪರೀಕ್ಷೆ

ಮೊದಲು ಹೋದರೂ ಚಿಂತೆ ಇಲ್ಲದ ಒಂದು ಸಿನಿಮಾ ಹಾಡಿನ ಕ್ಯಾಸೆಟ್ ಹಾಕಿ. ಅದೇ ಹಾಡನ್ನು ಮೊಬೈಲಿನಲ್ಲೂ ಹಚ್ಚಿ. ಎರಡನ್ನೂ ಒಂದೇ ಸಲ ಶುರು ಮಾಡಿ. ಎರಡೂ ಹೆಚ್ಚುಕಡಿಮೆ ಒಟ್ಟಿಗೆ ಮುಗಿದರೆ ವೇಗ ಸರಿ ಇದೆ. ಟೇಪ್ ಬಹಳ ಹಿಂದೆ ಬಿದ್ದರೆ ಅಥವಾ ಮುಂದೆ ಓಡಿದರೆ ಮೋಟರಿನ ವೇಗ ಸರಿ ಮಾಡಿಸಬೇಕು. ಬಹಳಷ್ಟು ಮೋಟರುಗಳ ಬೆನ್ನಿಗೆ ಅದಕ್ಕೆಂದೇ ಒಂದು ಸಣ್ಣ ತೂತು, ಒಳಗೆ ತಿರುಪು ಇರುತ್ತದೆ. ರಿಪೇರಿಯವರು ಅದನ್ನು ಕೂದಲೆಳೆಯಷ್ಟು ತಿರುಗಿಸಿ ಕೊಡುತ್ತಾರೆ.

ಇನ್ನು ಅಜ್ಜಿಯ ಕ್ಯಾಸೆಟ್. ಹಾಕುವ ಮೊದಲು ಅದರ ಬೆನ್ನು ನೋಡಿ. ಎರಡು ಮೂಲೆಗಳಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚೂರುಗಳಿವೆ. ಎರಡನ್ನೂ ಮುರಿದುಬಿಡಿ. ಆಮೇಲೆ ಯಾರಾದರೂ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅದರ ಮೇಲೆ ಬೇರೆ ದನಿ ತುಂಬುವುದಿಲ್ಲ. ಪಟ್ಟಿ ಸಡಿಲವಿದ್ದರೆ ಹಲ್ಲಿನ ತೂತಿಗೆ ಪೆನ್ಸಿಲ್ ಹಾಕಿ ಸುತ್ತಿ ಬಿಗಿ ಮಾಡಿ.

ದನಿ ಸರಿಯಾಗಿ ಬಂತೇ? ಅವತ್ತೇ ಮೊಬೈಲಿಗೆ ತುಂಬಿಕೊಳ್ಳಿ. ಬೆಲ್ಟ್ ಸರಿ ಮಾಡುವ ಮೊದಲು ತುಂಬಿಕೊಂಡರೆ ಎಳೆದ ದನಿಯೇ ಮೊಬೈಲಿಗೂ ಹೋಗುತ್ತದೆ. ಮನೆಯವರೆಲ್ಲ ಸ್ವಲ್ಪ ಹೊತ್ತು ಸುಮ್ಮನಿರಲಿ, ಫ್ಯಾನ್ ಆರಿಸಿ, ಕುಕ್ಕರ್ ಇಳಿಸಿ. ಮೊಬೈಲನ್ನು ಸ್ಪೀಕರ್ ಎದುರು ಒಂದು ಮೊಳ ದೂರ ಇಡಿ. 60ರ ಕ್ಯಾಸೆಟ್ಟಾದರೆ ಒಂದು ಮಗ್ಗುಲು 30 ನಿಮಿಷ. ಮುಗಿದ ಮೇಲೆ ಮಗುಚಿ ಹಾಕಿ ಆ ಮಗ್ಗುಲನ್ನೂ ತುಂಬಿಕೊಳ್ಳಿ. ಅದು ಖಾಲಿ ಅನ್ನಿಸಿದರೂ ಕೊನೆಯವರೆಗೆ ಕೇಳಿ. ಎಷ್ಟೋ ಸಲ ಹಾಡು ಮುಗಿದ ಮೇಲೆ ಜನ ಆಡಿದ ಮಾತೂ ಅದರಲ್ಲಿ ಉಳಿದಿರುತ್ತದೆ.

ಕ್ಯಾಸೆಟ್ಟನ್ನು ಸ್ಪೀಕರ್ ಮೇಲೆ ಇಡಬೇಡಿ, ಒಳಗಿನ ಅಯಸ್ಕಾಂತ ದನಿಯನ್ನು ಅಳಿಸುತ್ತದೆ. ಬಿಸಿಲಿಗೂ ಇಡಬೇಡಿ. ಡಬ್ಬಿಗೆ ಹಾಕಿ, ಮೇಲಿನ ಚೀಟಿಯಲ್ಲಿ ಯಾರ ದನಿ, ಯಾವ ಊರು, ಯಾವ ವರ್ಷ, ಯಾವ ಹಾಡು ಅಂತ ನಿಮ್ಮ ಕೈಯಾರೆ ಬರೆಯಿರಿ. ಹೊಸ ಬೆಲ್ಟಿನ ಅಳತೆಯನ್ನೂ ಒಂದು ಚೀಟಿಯಲ್ಲಿ ಬರೆದು ಮಿಷಿನ್ನಿನ ತಳಕ್ಕೆ ಅಂಟಿಸಿ.